ಹೊಳೆ ಐತೋ ಇಲ್ವೋ ಮೊದ್ಲು ಹೇಳು

ನಮ್ಮ ಸೋದರಮಾವ ಒಂದ್ಸಲ ದಾವಣಗೆರೆ ಬಸ್ ಸ್ಟ್ಯಾಂಡಲ್ಲಿ ಸಿರಿಗೆರೆ ಬಸ್ ಹತ್ತಿ ಲಗ್ನಕ್ಕೆ ಹೋದ್ರು, ಅಲ್ಲಿ ಇಳಿದು ಕೇಳಿದ್ರೆ ಅಂಥ ಲಗ್ನಾನೇ ಇಲ್ಲ. ಲಗ್ನ ಇದ್ದಿದ್ದು ಹರಿಹರ ತಾಲೂಕಿನ ಹೊಳೆಸಿರಿಗೆರೇಲಿ. ಒಂದು ಚಿತ್ರದುರ್ಗದ ಕಡೆ, ಇನ್ನೊಂದು ತುಂಗಭದ್ರೆ ಕಡೆ, ವಾಪಸ್ ಬಂದು ಇನ್ನೊಂದು ಬಸ್ ಹಿಡಿದು ಮುಟ್ಟೋ ಹೊತ್ತಿಗೆ ಅಕ್ಕಿಕಾಳು ಬಿದ್ದು ಊಟದ ಪಂಕ್ತೀನೂ ಮುಗಿದಿತ್ತು. ಅವತ್ತಿಂದ ಯಾರೇ ಊರಿನ ಹೆಸರು ಹೇಳಿದ್ರೂ "ಹೊಳೆ ಐತೋ ಇಲ್ವೋ ಮೊದ್ಲು ಹೇಳು" ಅಂತಾರೆ.

ಮೊನ್ನೆ ರಾತ್ರಿ ನಿದ್ದೆ ಬರ್ದೆ ಮೊಬೈಲಲ್ಲಿ ಮ್ಯಾಪ್ ತೆಗೆದು ಫ್ರಾನ್ಸಿನ ಲ್ವಾರ್ ನದಿ ಹಿಡ್ಕೊಂಡು ಹೊರಟೆ. ಅಲ್ಲಿನ ಅತಿ ಉದ್ದದ ನದಿ, ಸಾವಿರ ಕಿಲೋಮೀಟರ್ ಹತ್ರ ಐತೆ. ದಂಡೆ ಊರುಗಳ ಹೆಸರು ನೋಡ್ತಾ ಹೋದ್ರೆ ಸುಲಿ-ಸ್ಯೂರ್-ಲ್ವಾರ್, ಸೇಂ-ಬನ್ವಾ-ಸ್ಯೂರ್-ಲ್ವಾರ್, ಹಿಂಗೇ ಬಾಲ. ಸ್ಯೂರ್ ಅಂದ್ರೆ ಮೇಲೆ, ಅಂದ್ರೆ ಲ್ವಾರ್ ಹೊಳೆ ಮೇಲಿನ ಸುಲಿ. ಅರೆ, ಇದು ನಮ್ಮ ಹೊಳೆಸಿರಿಗೆರೆ, ಹೊಳೆಹೊನ್ನೂರು, ಹೊಳೆಆಲೂರೇ ಅಲ್ವಾ! ನಾವು ಹೊಳೇನ ತಲೆಗೆ ಕಟ್ಟಿದ್ವಿ, ಅವರು ಬಾಲಕ್ಕೆ ಕಟ್ಟಿದ್ರು. ಆದ್ರೆ ನಾವು ಬರೀ ಹೊಳೆ ಅಂತೀವಿ, ಯಾವ ಹೊಳೆ ಅಂತ ಹೇಳಲ್ಲ, ಊರೋರಿಗೆ ಗೊತ್ತಲ್ಲ ಅದೇ ಸಾಕು.

ಇಂಥ ಒಂದೊಂದು ಊರೂ ಅಲ್ಲಿ ಒಂದು ಕಮ್ಯೂನ್. ಇಲ್ಲಿ ನಾಕೈದು ಹಳ್ಳಿ ಸೇರಿಸಿ ಒಂದು ಗ್ರಾಮ ಪಂಚಾಯ್ತಿ ಮಾಡಿದ್ರೆ, ಅಲ್ಲಿ ಇನ್ನೂರು ಜನ ಇರೋ ಊರಿಗೂ ತನ್ನದೇ ಕೌನ್ಸಿಲ್, ತನ್ನದೇ ಮೇಯರ್. 1789ರ ಕ್ರಾಂತಿ ಕಾಲದಿಂದ ನಡ್ಕೊಂಡು ಬಂದಿದ್ದು. ಒಟ್ಟು 35,000 ಹತ್ರ ಕಮ್ಯೂನ್, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ 500 ಜನಾನೂ ಇಲ್ಲ. ಮೇಯರ್ ಅಂದ್ರೆ ಕೆಂಪು ದೀಪದ ಕಾರು ಅಂದ್ಕೊಂಡೋನು ನಾನು.

ಇನ್ನೊಂದು ವಿಷ್ಯ, ಸಮುದ್ರಕ್ಕೆ ಸೇರೋ ನದಿಗೆ ಅವರು ಫ್ಲೋವ್ ಅಂತಾರೆ, ಬೇರೆ ನದಿಗೆ ಹೋಗಿ ಸೇರೋದಾದ್ರೆ ರಿವಿಯೇರ್. ಆ ಲೆಕ್ಕದಲ್ಲಿ ಕೃಷ್ಣೆಗೆ ಸೇರೋ ನಮ್ಮ ತುಂಗಭದ್ರೆ ರಿವಿಯೇರ್. ಹರಿಹರದಲ್ಲಿ ಇದನ್ನ ಹೇಳೋಕೆ ಮಾತ್ರ ಹೋಗ್ಬೇಡಿ.

ಜಿಲ್ಲೆಗಳಿಗೂ 1790ರಲ್ಲಿ ನದಿ ಹೆಸರೇ ಜಾಸ್ತಿ ಇಟ್ರು. ಲ್ವಾರ್ ಸಮುದ್ರ ಸೇರೋ ಕಡೆ ಇರೋ ಜಿಲ್ಲೆ ಹೆಸರು ಕೆಳಗಿನ ಲ್ವಾರ್ ಅಂತ ಇತ್ತು, ಆ ಪದಕ್ಕೆ ಕೀಳು ಅನ್ನೋ ಅರ್ಥಾನೂ ಬರುತ್ತೆ ಅಂತ ಜನಕ್ಕೆ ಬೇಜಾರು, ಕೊನೆಗೆ 1957ರಲ್ಲಿ ಲ್ವಾರ್-ಅಟ್ಲಾಂಟಿಕ್ ಅಂತ ಬದಲಾಯಿಸಿದ್ರು.

ಮಾವನಿಗೆ ಫೋನ್ ಮಾಡಿ ಅಲ್ಲೂ ನಿಮ್ಮಂಥೋರಿಗೆ ತ್ರಾಸು ಐತೆ ಅಂದೆ. ಶಾಲೋಂ ಅಂತ ಎರಡು ಪೇಟೆ, ಬಾಯಲ್ಲಿ ಹೇಳಿದ್ರೆ ಎರಡೂ ಒಂದೇ ಥರ ಕೇಳುತ್ತೆ. ಒಂದು ಸೋನ್ ಹೊಳೆ ಮೇಲೆ, ಇನ್ನೊಂದು ಮಾರ್ನ್ ಹೊಳೆ ಮೇಲೆ. ಆದ್ರೆ 1990ರ ದಶಕದಲ್ಲಿ ಮಾರ್ನ್ ದಂಡೆಯೋರು ಹೊಳೆ ಹೆಸರು ತೆಗೆದು ತಮ್ಮ ಸೀಮೆ ಹೆಸರು ಹಾಕ್ಕೊಂಡ್ರು, ಶಾಲೋಂ-ಆನ್-ಶಾಂಪೇನ್.

"ಶಾಂಪೇನ್ ಅಂದ್ರೆ ಆ ಬಾಟ್ಲಿದಾ?" ಅಂದ್ರು. ಹೂಂ ಮಾವ, ಅದೇ ಸೀಮೇದು ಅಂದೆ.

"ಹೊಳೆ ಬಿಟ್ಟು ಹೆಂಡ ಇಟ್ಕೊಂಡ್ರು ಅನ್ನು. ಆ ಬಸ್ಸಾದ್ರೆ ಯಾರೂ ತಪ್ಪಿಸ್ಕೊಳ್ಳಲ್ಲ ಬಿಡ್ಲೇ."