ಫಲಕದಲ್ಲಿ ಹೆಸರಿಲ್ಲದ ಗೆಳತಿ

ನಮ್ಮ ಬ್ಯಾಚಿನಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದವಳು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲೇ ಇಲ್ಲ. ಹಾಗಾಗಿ ಶಾಲೆಯ ಯಾವ ಫಲಕದಲ್ಲೂ ಅವಳ ಹೆಸರಿಲ್ಲ.

ಅವಳ ತಾಯಿ ಕಾರವಾರದ ಬೈತಖೋಲ ಬಂದರಿನ ಹರಾಜಿನಲ್ಲಿ ಬಂಗಡೆ, ತಾರ್ಲೆ ಕೊಂಡು ಮನೆಮನೆಗೆ ಮಾರುತ್ತಿದ್ದರು. ರಜೆಯಲ್ಲಿ ಇವಳೂ ಜೊತೆಗೆ ಹೋಗುತ್ತಿದ್ದಳು. ಹರಾಜಿನವರು ದರ ಕೂಗುವಷ್ಟರಲ್ಲಿ ಬುಟ್ಟಿಗೆ ಎಷ್ಟು, ಐಸಿಗೆ ಎಷ್ಟು, ರಿಕ್ಷಾಕ್ಕೆ ಎಷ್ಟು, ಹೇಗೆ ಮಾರಿದರೆ ಕೈಯಲ್ಲಿ ಉಳಿಯುತ್ತದೆ, ಎಲ್ಲ ತಲೆಯಲ್ಲೇ. ಕ್ಲಾಸಿನಲ್ಲಿ ಲಾಭ-ನಷ್ಟದ ಲೆಕ್ಕ ಬಂದರೆ ಮಾಸ್ತರು ಬೋರ್ಡಿನ ಮೇಲೆ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು. ಬಿಡಿಸಿ ತೋರಿಸು ಎಂದರೆ ಪುಸ್ತಕದಲ್ಲಿಲ್ಲದ ದಾರಿ ಹಿಡಿಯುತ್ತಿದ್ದಳು. ಮಾಸ್ತರು ಅದನ್ನೇ ನಮಗೂ ಬರೆದುಕೊಳ್ಳಲು ಹೇಳುತ್ತಿದ್ದರು.

ಒಂಬತ್ತನೇ ಕ್ಲಾಸಿಗೆ ಅವಳು ಬರಲಿಲ್ಲ. ಮಾಸ್ತರು ಮನೆಗೂ ಹೋಗಿ ಬಂದರು. ಅಷ್ಟರಲ್ಲಿ ಗೋವಾದಲ್ಲಿ ಯಾರದೋ ಮನೆಗೆಲಸಕ್ಕೆ ಕಳಿಸಿಯಾಗಿತ್ತು.

ಶಾಲೆ ಶುರುವಾಗುವುದೂ ಕರಾವಳಿಯಲ್ಲಿ ಕೈ ಖಾಲಿಯಾಗುವುದೂ ಒಂದೇ ಹೊತ್ತಿಗೆ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಬೇಕು, ಆ ನಿಷೇಧ ಬೇಕೇ ಬೇಕು. ಆದರೆ ನೋಟ್‌ಬುಕ್, ಕೊಡೆ, ಬಸ್ ಪಾಸು ಅಂತ ದುಡ್ಡು ಬೇಕಾಗುವುದೂ ಅದೇ ವಾರಗಳಲ್ಲಿ. ಆಗ ಎಷ್ಟೋ ಮನೆಗಳಲ್ಲಿ ಊಟಕ್ಕೇ ಸಾಲ ಮಾಡಬೇಕು.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಲೇ ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಎಂದು ಅರಿತವರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ ಎಪ್ಪತ್ತು ದಾಟಿತ್ತು. ನಾವೆಲ್ಲ ಹೆಮ್ಮೆಪಟ್ಟೆವು. ನನಗೆ ಮಾತ್ರ ಹೆಮ್ಮೆಯ ಜೊತೆ ಸಂಕಟವೂ ಆಯಿತು. ಕೂಲಿಯಾದರೂ ಅವರಿಗೆ ಸಿಕ್ಕ ಕೆಲಸ ಅವರ ಬುದ್ಧಿಗೆ ಒಪ್ಪುವಂಥದ್ದಾಗಿತ್ತು. ಯಾರದೋ ಮನೆಯ ಪಾತ್ರೆ ತೊಳೆಯುವಲ್ಲಿ ಲೆಕ್ಕದ ಬುದ್ಧಿಗೆ ಏನು ಕೆಲಸ, ಹೇಳಿ?

ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ನೋಟ್‌ಬುಕ್ ಹಂಚುವುದು ಆಗಸ್ಟ್ 15ರಂದು, ಅದೂ ಜಾಸ್ತಿ ಅಂಕ ಬಂದವರಿಗೆ. ಬರಬೇಕಾದವರು ಅಷ್ಟರಲ್ಲಿ ಬಿಟ್ಟುಹೋಗಿರುತ್ತಾರೆ. ಇದನ್ನು ಶಾಲೆ ಶುರುವಾಗುವ ವಾರಕ್ಕೇ ತರೋಣ. ಅಂಕ ಕೇಳುವುದು ಬೇಡ. ಬಾರದ ಮಕ್ಕಳ ಮನೆಗೆ ಅಕ್ಕೋರ ಜೊತೆ ನಾವೂ ಹೋಗೋಣ. ಮೊದಲ ವರ್ಷದ ಖರ್ಚಿಗೆ ನನ್ನ ಪಾಲು ಕೊಡುತ್ತೇನೆ. ನಮ್ಮ ಬ್ಯಾಚಿನ ಇನ್ನೂ ಕೆಲವರು ಒಪ್ಪಿದ್ದಾರೆ.