ಕ್ರ್ಯಾಗ್‌ಸೈಡ್‌ಗೆ ಹೋಗುವವರಿಗೆ: ಮೊದಲು ನೀರು, ಆಮೇಲೆ ಮನೆ

ಜಲವಿದ್ಯುತ್ತಿನಿಂದ ದೀಪ ಬೆಳಗಿದ ಜಗತ್ತಿನ ಮೊದಲ ಮನೆ ಎಂಬ ಖ್ಯಾತಿಯ ಕ್ರ್ಯಾಗ್‌ಸೈಡ್, ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ ರಾತ್‌ಬರಿ ಎಂಬ ಸಣ್ಣ ಊರಿನ ಪಕ್ಕದಲ್ಲಿದೆ. ಅದನ್ನು ಕಟ್ಟಿಸಿದ ಎಂಜಿನಿಯರ್ ಹಾಗೂ ಉದ್ಯಮಿ ವಿಲಿಯಂ ಆರ್ಮ್‌ಸ್ಟ್ರಾಂಗ್‌ನನ್ನು (1810–1900) ಅರಿಯಬೇಕೆನ್ನುವವರು ನೇರವಾಗಿ ಅಲ್ಲಿಗೆ ಹೋಗದೆ, ಮೊದಲು ನ್ಯೂಕಾಸಲ್‌ನ ಟೈನ್ ನದಿದಂಡೆಯಲ್ಲಿ ಅರ್ಧ ದಿನ ಕಳೆಯುವುದು ಒಳ್ಳೆಯದು.

ವೃತ್ತಿಯಿಂದ ವಕೀಲನಾಗಿದ್ದ ಆರ್ಮ್‌ಸ್ಟ್ರಾಂಗ್, ನಗರದ ಕೊಳವೆಗಳಲ್ಲಿನ ನೀರಿನ ಒತ್ತಡದಿಂದಲೇ ಸರಕು ಎತ್ತುವ ಕ್ರೇನನ್ನು 1846ರಲ್ಲಿ ಈ ದಂಡೆಯಲ್ಲಿ ನಡೆಸಿ ತೋರಿಸಿದನು. ಮರುವರ್ಷ ನ್ಯೂಕಾಸಲ್‌ನದೇ ಭಾಗವಾದ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ತೆರೆದನು. ಹಡಗುಗಳಿಗೆ ದಾರಿ ಬಿಡಲು ನೀರಿನ ಒತ್ತಡದಿಂದ ತಿರುಗುವಂತೆ ಅವನ ಕಂಪನಿ ನಿರ್ಮಿಸಿದ, 1876ರಲ್ಲಿ ಬಳಕೆಗೆ ಬಂದ ಸ್ವಿಂಗ್ ಬ್ರಿಡ್ಜ್ ಇಂದಿಗೂ ಅಲ್ಲಿದೆ. ಅದರ ಮೇಲೆ ನಡೆದಾಡಲು ಟಿಕೆಟ್ ಬೇಕಿಲ್ಲ.

ರಾತ್‌ಬರಿಗೆ ಈಗ ರೈಲಿಲ್ಲ. ನ್ಯೂಕಾಸಲ್‌ನಿಂದ ಮಾರ್ಪೆತ್ ಮಾರ್ಗವಾಗಿ ಬಸ್ಸಿದ್ದರೂ ಸಂಖ್ಯೆ ಕಡಿಮೆಯಾದ್ದರಿಂದ, ಮರಳುವ ಕೊನೆಯ ಬಸ್ಸಿನ ಸಮಯವನ್ನು ಮೊದಲೇ ತಿಳಿದುಕೊಳ್ಳಬೇಕು. ಕುಟುಂಬದೊಂದಿಗೆ ಬರುವವರಿಗೆ ಬಾಡಿಗೆ ಕಾರೇ ಅನುಕೂಲ, ಏಕೆಂದರೆ ಕ್ರ್ಯಾಗ್‌ಸೈಡ್ ಎಸ್ಟೇಟಿನೊಳಗೇ ಸುಮಾರು ಆರು ಮೈಲಿ ಉದ್ದದ ಸುತ್ತುರಸ್ತೆಯಿದೆ. 1977ರಿಂದ ಇದು ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಸುಪರ್ದಿಯಲ್ಲಿದ್ದು, ಸದಸ್ಯರಿಗೆ ಪ್ರವೇಶ ಉಚಿತ. ತೋಟ ತೆರೆದಿರುವ ಎಲ್ಲ ದಿನಗಳಲ್ಲೂ ಮನೆ ತೆರೆದಿರುವುದಿಲ್ಲವೆಂಬುದನ್ನು ಗಮನದಲ್ಲಿಡಿ.

ಬಹುಪಾಲು ಪ್ರವಾಸಿಗರು ಮೊದಲು ಮನೆಯೊಳಗೆ ನುಗ್ಗುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು: ಬೆಳಿಗ್ಗೆಯೇ ಎತ್ತರದಲ್ಲಿರುವ ನೆಲ್ಲೀಸ್ ಮಾಸ್ ಕೆರೆಗಳಿಗೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಸುಮಾರು ನೂರು ಮೀಟರ್ ಕೆಳಗಿಳಿದ ನೀರು ಟರ್ಬೈನ್ ತಿರುಗಿಸುತ್ತಿದ್ದ ಬರ್ನ್‌ಫುಟ್ ವಿದ್ಯುದಾಗಾರವನ್ನು ನೋಡಿ, ಕಬ್ಬಿಣದ ಸೇತುವೆಯ ಬಳಿ ಬಂಡೆಗಳ ನಡುವೆ ಮನೆಯತ್ತ ಬನ್ನಿ. ಕಾಲುದಾರಿ ಕಡಿದಾಗಿದ್ದು ಮಳೆಯಲ್ಲಿ ಜಾರುತ್ತದೆ. ಗಟ್ಟಿ ಶೂ ಬೇಕೇ ಬೇಕು, ಮೊಣಕಾಲು ನೋವಿರುವವರು ಕೆರೆಗಳವರೆಗೆ ಕಾರಿನಲ್ಲೇ ಹೋಗುವುದು ಲೇಸು.

ಹೀಗೆ ಬಂದರೆ ಒಳಗಿನ ಪ್ರತಿಯೊಂದು ವಸ್ತುವಿನ ಹಿಂದೆ ನೀರಿರುವುದು ಕಾಣುತ್ತದೆ. ಅಡುಗೆಮನೆಯಲ್ಲಿ ಮಾಂಸ ಸುಡುವ ಸಲಾಕೆ ತಿರುಗುತ್ತಿದ್ದುದು, ಮಹಡಿಗೆ ಲಿಫ್ಟ್ ಏರುತ್ತಿದ್ದುದು ನೀರಿನ ಬಲದಿಂದಲೇ. ಚಿತ್ರಶಾಲೆಯಲ್ಲಿ 1878ರಲ್ಲಿ ಆರ್ಕ್ ದೀಪ (ಎರಡು ಇಂಗಾಲದ ಕಡ್ಡಿಗಳ ನಡುವಿನ ವಿದ್ಯುತ್ ಕಿಡಿಯಿಂದ ಬೆಳಗುವ ದೀಪ) ಉರಿಯಿತು. 1880ರಲ್ಲಿ ಗ್ರಂಥಾಲಯಕ್ಕೆ ಇಂಗ್ಲಿಷ್ ಸಂಶೋಧಕ ಜೋಸೆಫ್ ಸ್ವಾನ್‌ನ ಬಲ್ಬುಗಳು ಬಂದವು. ಅಲ್ಲಿನ ಹೂದಾನಿಯಾಕಾರದ ದೀಪಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವು ಪಾದರಸದ ಬಟ್ಟಲುಗಳ ಮೂಲಕ ವಿದ್ಯುತ್ ಪಡೆಯುತ್ತಿದ್ದುದರಿಂದ, ಆರಿಸಲು ದೀಪವನ್ನೇ ಎತ್ತಿದರೆ ಸಾಕಾಗಿತ್ತು!

ಈ ವೈಭವಕ್ಕೆ ಹಣ ಬಂದದ್ದು ಕ್ರೇನುಗಳಿಂದ ಮಾತ್ರವಲ್ಲ. ಕ್ರಿಮಿಯಾ ಯುದ್ಧದ ನಂತರ ಅವನ ಕಾರ್ಖಾನೆ ಫಿರಂಗಿಗಳಿಗೂ, ಮುಂದೆ ಯುದ್ಧನೌಕೆಗಳಿಗೂ ಹೆಸರಾಯಿತು. ಸಯಾಂ (ಇಂದಿನ ಥಾಯ್ಲೆಂಡ್), ಪರ್ಷಿಯಾ (ಇಂದಿನ ಇರಾನ್) ಅರಸರಿಗೆ ಈ ಮನೆಯಲ್ಲಿ ಆತಿಥ್ಯ ದೊರೆತದ್ದರ ಹಿಂದೆ ವ್ಯಾಪಾರವೂ ಇತ್ತು. ದಿನಕ್ಕೆ ಒಂಬತ್ತು ಗಂಟೆಯ ದುಡಿಮೆ ಕೇಳಿ 1871ರಲ್ಲಿ ಟೈನ್ ದಂಡೆಯ ಕಾರ್ಮಿಕರು ಹೂಡಿದ ಮುಷ್ಕರವನ್ನು ಅವನು ಬಲವಾಗಿ ವಿರೋಧಿಸಿ ಸೋತನು. ಮನೆಯ ಸೊಬಗು ನೋಡುವಾಗ ಈ ಎರಡನ್ನೂ ಮರೆಯಬಾರದೆಂಬುದು ನನ್ನ ಅಭಿಪ್ರಾಯ.

ಒಂದು ದಿನ ಹೆಚ್ಚಿಗೆ ಇರುವವರು ನ್ಯೂಕಾಸಲ್‌ಗೆ ಮರಳಿ, ಅವನು ನಗರಕ್ಕೆ ದಾನವಾಗಿ ಕೊಟ್ಟ ಜೆಸ್ಮಂಡ್ ಡೀನ್ ಕಣಿವೆ ಉದ್ಯಾನವನ್ನು ನೋಡಬಹುದು. ಪ್ರವೇಶ ಶುಲ್ಕವಿಲ್ಲ, ಮೆಟ್ರೋ ನಿಲ್ದಾಣದಿಂದ ನಡೆದೇ ತಲುಪಬಹುದು.