‘ಅಕ್ಟೋಬರಿನಲ್ಲಿ ಬರಬೇಡಿ’

‘ಅಕ್ಟೋಬರಿನಲ್ಲಿ ಬರಬೇಡಿ. ನಮ್ಮ ಮನೆಗೆ ನೀರು ನುಗ್ಗುತ್ತದೆ.’

ರೂಮು ಬಾಡಿಗೆಗೆ ಕೊಡುವವರೇ ಹೀಗೆ ಬರೆದರೆ ಏನು ಮಾಡುವುದು? ದುಡ್ಡು ಕಟ್ಟಲು ರೆಡಿಯಾಗಿ ಕೂತಿದ್ದೆ. ಕಟ್ಟಿದ ಮೇಲೆ ವಾಪಸ್ ಇಲ್ಲ ಅಂತಲೂ ಅಲ್ಲೇ ಬರೆದಿತ್ತು. ಆ ಹೆಂಗಸು ಸುಮ್ಮನಿದ್ದಿದ್ದರೆ ಸಾಕಿತ್ತು.

ದಸರಾ ರಜೆಗೆ ವಿಯೆಟ್ನಾಮಿನ ದಾನಾಂಗ್‌ಗೆ ಹೋಗೋಣ ಅಂತ ನಮ್ಮ ಭಾವ ಹೊರಡಿಸಿದ್ದರು. ಅವರಿಗೆ ಪ್ರಪಂಚವೆಲ್ಲ ರೀಲ್ಸ್‌ನಲ್ಲೇ ಗೊತ್ತು. ಮೀ ಖೆ ಬೀಚಿನ ಮರಳು, ಬೆಟ್ಟದ ಮೇಲೆ ದೊಡ್ಡ ಕೈಗಳು ಎತ್ತಿ ಹಿಡಿದ ಹಾಗಿರುವ ಚಿನ್ನದ ಬಣ್ಣದ ಸೇತುವೆ, ಎಲ್ಲ ತೋರಿಸಿದರು. ಮಗನಿಗೆ ಬೇಕಿದ್ದದ್ದು ಡ್ರ್ಯಾಗನ್ ಸೇತುವೆ. ಶನಿವಾರ, ಭಾನುವಾರ ರಾತ್ರಿ ಒಂಬತ್ತಕ್ಕೆ ಅದು ಬೆಂಕಿ ಉಗುಳುತ್ತದೆ. ಉಳಿದ ಕೆಲಸ, ಅಂದರೆ ಹುಡುಕುವ ಕೆಲಸ, ಎಂದಿನಂತೆ ನನ್ನ ಪಾಲಿಗೆ.

ಓದಿದ್ದೆಲ್ಲ ಒಂದೇ ಅಚ್ಚಿನದು. ‘ನೋಡಲೇಬೇಕಾದ ಹತ್ತು ಜಾಗಗಳು.’ ವೀಸಾದ್ದು ಇನ್ನೊಂದು ಕಥೆ. ಸರ್ಕಾರದ ಇ-ವೀಸಾಗೆ ಒಂದು ಸಲ ಹೋಗಿಬರಲು 25 ಡಾಲರ್. ಆದರೆ ಸರ್ಕಾರದ್ದೇ ಅನ್ನಿಸುವ ಹಾಗೆ ವೇಷ ಹಾಕಿ ಜಾಸ್ತಿ ದುಡ್ಡು ಕೇಳುವ ಏಜೆಂಟರ ತಾಣಗಳು ಬೇಕಾದಷ್ಟಿವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ವಿಎನ್’ ಇದೆಯಾ ನೋಡಿಕೊಳ್ಳಿ. ಅತ್ತೆಗೆ ಊಟದ ಚಿಂತೆ. ಅಲ್ಲಿ ತುಂಬಾ ಅಡುಗೆಗೆ ಮೀನಿನ ಸಾಸ್ ಬೀಳುತ್ತದೆ. ಆದರೆ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಬೌದ್ಧರು ಅನೇಕರು ಸಸ್ಯಾಹಾರ ಮಾಡುತ್ತಾರೆ ಅಂತ ಓದಿ ಹೇಳಿದೆ. ‘ಹಾಗಿದ್ರೆ ಪಂಚಾಂಗ ನೋಡಿ ಟಿಕೆಟ್ ಮಾಡ್ಸು’ ಅಂದರು.

ಮಳೆಯ ವಿಷಯ ಮಾತ್ರ ಯಾರೂ ಸರಿಯಾಗಿ ಹೇಳಿರಲಿಲ್ಲ. ‘ವಿಯೆಟ್ನಾಮಿಗೆ ಅಕ್ಟೋಬರಿನಿಂದ ಏಪ್ರಿಲ್ ಒಳ್ಳೆಯ ಕಾಲ’ ಅಂತ ಒಂದು ಕಡೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದದ ದೇಶಕ್ಕೆಲ್ಲ ಒಂದೇ ಮಾತು! ನಮ್ಮ ಪರಿಚಯದ ಟ್ರಾವೆಲ್ಸ್ ಹುಡುಗನನ್ನು ಕೇಳಿದರೆ, ‘ಸ್ವಲ್ಪ ಹನಿ ಹಾಕುತ್ತೆ ಮೇಡಂ, ಫೋಟೋಗೆ ಚೆನ್ನಾಗಿರುತ್ತೆ’ ಅಂದ. ಮಾತಿನಲ್ಲಿ ಅವನನ್ನು ಗೆಲ್ಲುವವರು ಇಲ್ಲ ಬಿಡಿ.

ಆ ಹೆಂಗಸಿನ ಮನೆ ಇರುವುದು ಹೋಯಿ ಆನ್‌ನಲ್ಲಿ, ಥು ಬೋನ್ ನದಿಯ ಹತ್ತಿರ. ದಾನಾಂಗ್‌ನಿಂದ ಸುಮಾರು 30 ಕಿಲೋಮೀಟರ್. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹಳೇ ಪೇಟೆ. ಮೆಸೇಜಿನ ಹಿಂದೆಯೇ ಒಂದು ಫೋಟೋ ಕಳಿಸಿದ್ದರು. ಮನೆಯ ಗೋಡೆ. ಅದರ ಮೇಲೆ ಗೆರೆಗಳು, ಪಕ್ಕದಲ್ಲಿ ಇಸವಿ. ಯಾವ ವರ್ಷ ನೀರು ಎಲ್ಲಿಗೆ ಬಂದಿತ್ತು ಅಂತ ಗುರುತು. 2025ರದ್ದು ನನ್ನ ತಲೆಗಿಂತ ಮೇಲಿತ್ತೇನೋ. ಆ ಅಕ್ಟೋಬರ್ ಕೊನೆಯಲ್ಲಿ ಹಳೇ ಪೇಟೆ ಮುಳುಗಿ, ಪ್ರವಾಸಿಗರನ್ನು ದೋಣಿಯಲ್ಲಿ ಸಾಗಿಸಿದ್ದರು.

ಆಮೇಲೆ ನಕ್ಷೆ ತೆಗೆದು ನೋಡಿದೆ. ಪಶ್ಚಿಮಕ್ಕೆ ಬೆಟ್ಟಸಾಲು, ಪೂರ್ವಕ್ಕೆ ಕಡಲು. ನಮ್ಮ ಕರಾವಳಿಯ ಲೆಕ್ಕವೇ, ದಿಕ್ಕು ಉಲ್ಟಾ. ಮುಂಗಾರನ್ನು ಆ ಬೆಟ್ಟಗಳು ಆಚೆಗೇ ತಡೆಯುತ್ತವೆ. ದಕ್ಷಿಣದ ಸೈಗಾನ್ ನಗರ ನೆನೆಯುವ ಜೂನ್, ಜುಲೈನಲ್ಲಿ ದಾನಾಂಗ್‌ನಲ್ಲಿ ಬಿಸಿಲು. ಅಕ್ಟೋಬರ್, ನವೆಂಬರಿನಲ್ಲಿ ಈಶಾನ್ಯದ ಗಾಳಿ ಕಡಲಿನ ತೇವ ಹೊತ್ತು ಬಂದು ಅದೇ ಬೆಟ್ಟಕ್ಕೆ ಬಡಿಯುತ್ತದೆ. ಜೊತೆಗೆ ಚಂಡಮಾರುತಗಳು. ಸರಿಯಾಗಿ ನಮ್ಮ ದಸರಾ ರಜೆಗೆ.

ನನ್ನ ಗೆಳತಿಯೊಬ್ಬಳು ಒಂದು ನವೆಂಬರಿನಲ್ಲಿ ಅಲ್ಲಿಗೆ ಹೋಗಿದ್ದಳು. ಬಣ್ಣದ ಲಾಂದ್ರಗಳು, ಟೋಪಿ, ನಗು, ಎಲ್ಲ ಫೋಟೋ ಹಾಕಿದ್ದಳು. ಈಗ ಫೋನ್ ಮಾಡಿದರೆ, ‘ಅಯ್ಯೋ, ಹೋಟೆಲ್ ಬಿಟ್ಟು ಹೊರಗೆ ಬಂದಿದ್ದೇ ಕಡಿಮೆ ಕಣೇ’ ಅನ್ನುತ್ತಾಳೆ. ಮತ್ತೆ ಯಾಕೆ ಹೇಳಲಿಲ್ಲ? ‘ಅಷ್ಟು ದುಡ್ಡು ಸುರಿದು ಬಂದು ಮಳೇಲಿ ಕೂತಿದ್ವಿ ಅಂತ ಹಾಕ್ಕೊಳ್ಳೋಕಾಗುತ್ತಾ?’

ಏಜೆಂಟ್ ಮುಚ್ಚಿಡುವುದು ಅರ್ಥವಾಗುತ್ತದೆ, ಅದು ಅವನ ಹೊಟ್ಟೆಪಾಡು. ಆದರೆ ಮಾರಲು ಏನೂ ಇಲ್ಲದ ನಾವೂ ಮುಚ್ಚಿಡುತ್ತೇವಲ್ಲ. ಹೋಗಿಬಂದವರೆಲ್ಲ ತಮ್ಮ ತಮ್ಮ ರಜೆಗೆ ತಾವೇ ಜಾಹೀರಾತು ಕೊಡುತ್ತಿರುತ್ತೇವೆ. ಅದನ್ನು ನೋಡಿ ಇನ್ನೊಬ್ಬರು ಹೊರಡುತ್ತಾರೆ, ನೆನೆಯುತ್ತಾರೆ, ಅವರೂ ಒಣಗಿದ ಫೋಟೋನೇ ಹಾಕುತ್ತಾರೆ. ಸುಳ್ಳು ಯಾರೂ ಹೇಳಿರುವುದಿಲ್ಲ. ಮಳೆ ಮಾತ್ರ ಎಲ್ಲೂ ಇರುವುದಿಲ್ಲ.

ಮೈಸೂರಿನವಳು ನಾನು. ದಸರಾ ನೋಡಲು ಬರುತ್ತೇವೆ ಅಂದವರಿಗೆಲ್ಲ ‘ಬನ್ನಿ ಬನ್ನಿ’ ಅನ್ನುವುದೇ ನಮ್ಮ ರೂಢಿ. ಜಂಬೂಸವಾರಿ ದಿನ ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಆಮೇಲೆ ಆಟೋ ಸಿಗದೆ ಎಷ್ಟು ನಡೆಯಬೇಕು ಅಂತ ನಮ್ಮಲ್ಲಿ ಯಾರು ಹೇಳುತ್ತಾರೆ? ಹೇಳಿದರೆ ಊರಿನ ಮರ್ಯಾದೆ ಪ್ರಶ್ನೆ. ಆಕೆ ತನ್ನ ಮನೆಯ ಗೋಡೆಯನ್ನೇ ತೋರಿಸಿಬಿಟ್ಟರು. ಅದೂ ಮುಖ ನೋಡಿಲ್ಲದವಳಿಗೆ, ಆ್ಯಪ್‌ನಲ್ಲಿ ಅನುವಾದ ಮಾಡಿಕೊಂಡು, ಬರುವ ಬಾಡಿಗೆ ಬಿಟ್ಟು.

ಮಾರ್ಚಿನಲ್ಲಿ ಬನ್ನಿ ಅಂದಿದ್ದರು. ಮಗನಿಗೆ ಪರೀಕ್ಷೆ. ಮೇ ಆಗುತ್ತಾ ಅಂತ ಕೇಳಿದೆ. ನಿನ್ನೆ ಉತ್ತರ ಬಂತು: ‘ಆಗುತ್ತದೆ. ಬಿಸಿಲು ಜೋರು. ಬೆಳಿಗ್ಗೆ ಐದಕ್ಕೇ ಕಡಲಿಗೆ ಹೋಗಿ, ಇಲ್ಲಿಯವರೆಲ್ಲ ಆಗಲೇ ಈಜುವುದು.’ ಭಾವ ಓದಿ, ‘ರಜಾದಲ್ಲೂ ಐದಕ್ಕೇಳ್ಬೇಕಾ?’ ಅಂತ ಫೋನ್ ವಾಪಸ್ ಕೊಟ್ಟರು. ಈಗ ಬಾಲಿಯ ರೀಲ್ಸ್ ನೋಡುತ್ತಿದ್ದಾರೆ.